ಸೋರಬೇಕಾದ ದೋಣಿ

ಎಚ್ಚರವಾದ ಕೂಡಲೇ ಅವನಿಗೆ ಬಂದ ಮೊದಲ ಯೋಚನೆ, ದೋಣಿಯ ತಗಡು ಬಿಗಿಯುವ ರಿವೆಟ್ಟನ್ನು ಸಾಕಷ್ಟು ಸಡಿಲ ಮಾಡಿದ್ದೇನೋ ಇಲ್ಲವೋ ಎಂಬುದು. ಕಡಿಮೆಯಾಗಿದ್ದರೆ ಸೋರುವುದಿಲ್ಲ, ಆಗ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಒಂದು ನೋಟ ಬೀರುತ್ತಾಳೆ, ಇಷ್ಟೂ ಆಗಲಿಲ್ಲವಾ ನಿಮ್ಮ ಕೈಲಿ ಎನ್ನುವ ನೋಟ. ಹೆಚ್ಚಾಗಿದ್ದರೆ ನೀರು ಧಾರೆಯಾಗಿ ಇಳಿಯುತ್ತದೆ. ಮಾವ ಬಗ್ಗಿ ನೋಡಿ, ಇದು ತಾನಾಗಿ ಸಡಿಲವಾದದ್ದಲ್ಲ, ಯಾರೋ ಉಳಿ ಇಟ್ಟು ಎಬ್ಬಿಸಿದ್ದು ಎಂದು ಕಂಡುಹಿಡಿಯುತ್ತಾರೆ. ಎರಡರ ನಡುವಿನ ಸೋರಿಕೆಯೊಂದಿದೆ. ಮೊದಲು ಸಣ್ಣ ಮಣಿಯಾಗಿ ಮೂಡಬೇಕು, ಬೀಳಲೋ ಬೇಡವೋ ಎಂದು ಅನುಮಾನಿಸುತ್ತ ದಪ್ಪವಾಗಬೇಕು, ಆಮೇಲೆ ಬೀಳಬೇಕು. ಕೈಲಾಗದವನೊಬ್ಬ ಮೈಮುರಿದು ಪ್ರಾಮಾಣಿಕವಾಗಿ ದುಡಿದದ್ದರ ಫಲವೇ ಇದು ಎಂದು ಯಾರಿಗಾದರೂ ಅನ್ನಿಸಬೇಕು. ಕೆಟ್ಟ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಬೇಕಾಗಿ ಬಂದವನು ತಾನೊಬ್ಬನೇ ಇರಬೇಕು ಎಂದುಕೊಂಡು ಅವನು ಚಾದರವನ್ನು ಕತ್ತಿನವರೆಗೆ ಎಳೆದುಕೊಂಡ. ಭಾನುವಾರ. ಹಿತ್ತಲಿನಲ್ಲಿ ಆಗಲೇ ಕುರ್ಚಿ ಎಳೆಯುವ ಸದ್ದು. ಮಾವ ಬಂದು ಕುಳಿತಾಯಿತು.

ದೋಣಿ ಹಿತ್ತಲಿಗೆ ಬಂದಾಗ ಅದು ದೋಣಿಯಂತೆ ಕಾಣುತ್ತಿರಲಿಲ್ಲ. ಯಾರೋ ದೈತ್ಯ ಊಟ ಮಾಡಿ, ತೊಳೆಯದೆ, ಸಿಟ್ಟಿನಿಂದ ಬಿಸಾಡಿದ ಅಲ್ಯೂಮಿನಿಯಂ ತಟ್ಟೆಯ ಹಾಗಿತ್ತು. ಪಕ್ಕಗಳಲ್ಲಿ ತಗ್ಗು, ತಳದಲ್ಲಿ ಬಿಳಿಯ ಹೂವು ಹೂವಾಗಿ ಎದ್ದ ತುಕ್ಕಿನಂಥ ಪುಡಿ, ಸಾಲಾಗಿ ಕೂತ ರಿವೆಟ್ಟುಗಳಲ್ಲಿ ಅರ್ಧಕ್ಕರ್ಧ ಹಳೆಯ ಹಲ್ಲುಗಳಂತೆ ಅಲುಗಾಡುತ್ತಿದ್ದವು. ಮಾವ ಅದರಲ್ಲಿ ಕೂತು ಬದುಕಿಡೀ ಮೀನು ಹಿಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಮಗಳ ಮನೆಗೆ ಬಂದರು. ಬರುವಾಗ ಎರಡು ಜೊತೆ ಬಟ್ಟೆ, ಒಂದು ರೇಡಿಯೋ ಮತ್ತು ಈ ದೋಣಿ. ‘ಇದನ್ನ ಸರಿ ಮಾಡಿಕೊಡಿ ಅಳಿಯಂದಿರೇ, ಸರಿಯಾದ ದಿನವೇ ನದಿಗೆ ಇಳೀತೀನಿ, ನಿಮಗೆ ಭಾರ ಆಗಲ್ಲ,’ ಎಂದು ಬಂದ ದಿನವೇ ಘೋಷಿಸಿದ್ದರು. ಆ ರಾತ್ರಿ ಹೆಂಡತಿ ದಿಂಬಿನ ಮೇಲೆ ಮೊಣಕೈ ಊರಿ, ಗೋಡೆಯಾಚೆ ಅಪ್ಪನ ಕೆಮ್ಮು ನಿಲ್ಲುವವರೆಗೂ ಕಾದು, ಪಿಸುಗುಟ್ಟಿದಳು: ‘ಈ ಕಾಲಲ್ಲಿ ನದಿಗೆ ಹೋದ್ರೆ ವಾಪಸ್ ಬರಲ್ಲ ರೀ ಅವರು. ಬೇಡ ಅಂದ್ರೆ ಊಟ ಬಿಡ್ತಾರೆ. ನಾನು ಬೇಡ ಅನ್ನಲ್ಲ, ನೀವೂ ಅನ್ಬೇಡಿ. ಸುಮ್ನೆ ಹೂಂ ಅಂತ ಕೆಲಸ ಹಿಡೀರಿ. ಆದ್ರೆ ಅದು ಮುಗೀಬಾರ್ದು.’

‘ಮುಗೀಬಾರ್ದು ಅಂದ್ರೆ?’

‘ಅಂದ್ರೆ ಸೋರ್ತಾ ಇರ್ಬೇಕು. ನೀವು ಮಾಡಿದ್ರೆ ಹೇಗೂ ಸೋರುತ್ತೆ ಬಿಡಿ. ಅದಕ್ಕೇನು ಕಷ್ಟ ಪಡ್ಬೇಕಾಗಿಲ್ಲ.’

ಹೀಗೆಂದು ಅವಳು ಮಗ್ಗುಲು ಬದಲಿಸಿ ನೆಮ್ಮದಿಯಾಗಿ ನಿದ್ದೆ ಹೋಗಿದ್ದಳು. ಅವನಿಗೆ ನಿದ್ದೆ ಬಂದಿರಲಿಲ್ಲ. ಅವಳು ಹೇಳಿದ್ದು ತಪ್ಪಲ್ಲ ಎಂಬುದೇ ಅವನ ಸಂಕಟವಾಗಿತ್ತು. ಗೋಡೆಗೆ ಮೊಳೆ ಹೊಡೆಯಲು ಹೋಗಿ ಗೋಡೆಯನ್ನೇ ಕೆಡವಿದವನೆಂದು ಅವನಿಗೆ ಮನೆಯಲ್ಲಿ ಖ್ಯಾತಿ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನು ದಿನವಿಡೀ ಫೋನು ಎತ್ತಿ, ‘ನಿಮ್ಮ ದೂರು ದಾಖಲಾಗಿದೆ’ ಎನ್ನುತ್ತಾನೆ. ಬೀದಿಯ ಪೈಪು ಒಡೆದರೆ, ನಲ್ಲಿ ಸೋರಿದರೆ, ಮೀಟರು ಕೆಟ್ಟರೆ ಎಲ್ಲದಕ್ಕೂ ಅದೇ ಮಾತು. ಆದರೆ ಸ್ವತಃ ಒಂದು ವಾಷರು ಬದಲಾಯಿಸಿದವನಲ್ಲ. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದವನು. ಪ್ರತಿಯೊಂದನ್ನೂ ಎರಡೆರಡು ಸಲ ಓದಿದರೂ ಮೂರನೆಯ ಸಲ ಓದಿದವರಿಗೇ ಅರ್ಥವಾಗಿರಬೇಕೆಂಬ ಅನುಮಾನ ಇನ್ನೂ ಹೋಗಿಲ್ಲ.

ಮೊದಮೊದಲು ಎಲ್ಲ ಸುಸೂತ್ರವಾಗಿತ್ತು, ಅಂದರೆ ಎಲ್ಲ ಸೋರುತ್ತಿತ್ತು. ರಿವೆಟ್ಟು ಕೂರಿಸುವುದು ಇಬ್ಬರ ಕೆಲಸ. ಒಬ್ಬರು ದೋಣಿಯ ಹೊರಗಿನಿಂದ ರಿವೆಟ್ಟಿನ ತಲೆಗೆ ಕಬ್ಬಿಣದ ದಪ್ಪ ತುಂಡೊಂದನ್ನು ಆನಿಸಿ ಹಿಡಿಯಬೇಕು. ಇನ್ನೊಬ್ಬರು ಒಳಗೆ ಕೂತು ಅದರ ಬಾಲವನ್ನು ಬಡಿದು ಚಪ್ಪಟೆ ಮಾಡಬೇಕು. ನಡುವೆ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು. ಮಾವ ಹೊರಗೆ ಗಿಡ್ಡ ಕುರ್ಚಿಯಲ್ಲಿ ಕೂತು ಕಬ್ಬಿಣ ಹಿಡಿಯುತ್ತಿದ್ದರು, ಇವನು ಒಳಗೆ ಕೂತು ಬಡಿಯುತ್ತಿದ್ದ. ಪೆಟ್ಟು ಓರೆಯಾಗುತ್ತಿತ್ತು, ಬಾಲ ಬಾಗುತ್ತಿತ್ತು, ಒಮ್ಮೆ ಹೆಬ್ಬೆರಳೂ ಬಾಗಿತು. ‘ಅಳಿಯಂದಿರೇ, ರಿವೆಟ್ಟಿಗೆ ಹೊಡೀತಿದ್ದೀರೋ, ಅದರ ಬೆನ್ನು ಸವರ್ತಿದ್ದೀರೋ?’ ಎಂದು ತಗಡಿನಾಚೆಯಿಂದ ಮಾವನ ದನಿ ಬರುತ್ತಿತ್ತು. ಆ ‘ಅಳಿಯಂದಿರೇ’ ಎಂಬ ಬಹುವಚನ ಅವನನ್ನು ಗೌರವಿಸುವುದಕ್ಕಿಂತ ಹೆಚ್ಚಾಗಿ, ಒಬ್ಬನೇ ಇಷ್ಟು ದಡ್ಡನಿರಲು ಸಾಧ್ಯವಿಲ್ಲ, ಹಲವರು ಸೇರಿರಬೇಕು ಎಂದು ಸೂಚಿಸುವಂತಿತ್ತು.

ಆಮೇಲೆ ಒಂದು ದಿನ, ಏಕೆಂದು ಇವತ್ತಿಗೂ ಗೊತ್ತಿಲ್ಲ, ಸುತ್ತಿಗೆಯ ಸದ್ದು ಬದಲಾಯಿತು. ಟಕ್ ಟಕ್ ಎನ್ನುತ್ತಿದ್ದದ್ದು ಒಮ್ಮೆಗೇ ದಪ್ಪವಾಗಿ, ತುಂಬಿದ ಕೊಡಕ್ಕೆ ಬೆರಳು ತಟ್ಟಿದ ಹಾಗೆ ಕೇಳಿಸಿತು. ಮಣಿಕಟ್ಟು ತನ್ನಷ್ಟಕ್ಕೆ ತಾನೇ ಬೀಳುತ್ತಿತ್ತು. ಅವನು ಅದನ್ನು ಬರೀ ನೋಡುತ್ತಿದ್ದ. ಬಾಲ ಗುಂಡಗೆ ಹರಡಿ ಸಣ್ಣ ಬೆಳ್ಳಿಯ ಗುಂಡಿಯಾಗಿ ತಗಡಿಗೆ ಅಪ್ಪಿಕೊಂಡಿತು. ಅವನು ಅದನ್ನು ಉಗುರಿನಿಂದ ಕೆದಕಿದ, ಹೆಬ್ಬೆರಳಿನಿಂದ ನೂಕಿದ. ಅಲುಗಲಿಲ್ಲ. ಬದುಕಿನಲ್ಲಿ ಮೊದಲ ಸಲ ತನ್ನ ಕೈಯಿಂದ ಹೊರಟ ವಸ್ತುವೊಂದು ಅಲುಗದೆ ನಿಂತಿತ್ತು. ಹೊರಗೆ ಮಾವ ಏನೂ ಹೇಳಲಿಲ್ಲ. ಆ ಮೌನವೇ ಅವನಿಗೆ ಪದಕದಂತಿತ್ತು. ಮರುದಿನ ಆಫೀಸಿನಲ್ಲಿ ಯಾರೋ ಫೋನು ಮಾಡಿ ಪೈಪು ಸೋರುತ್ತಿದೆ ಎಂದಾಗ, ‘ಹನಿಯಾಗಿಯೋ, ಧಾರೆಯಾಗಿಯೋ?’ ಎಂದು ಕೇಳಿದ. ಆಚೆಯವರಿಗೆ ಗಾಬರಿಯಾಗಿರಬೇಕು, ಆ ವಿಭಾಗದಲ್ಲಿ ಯಾರೂ ಎಂದೂ ಪ್ರಶ್ನೆ ಕೇಳಿದವರಲ್ಲ.

ಆ ಸಂಜೆಯೇ ಹೆಂಡತಿಗೆ ಹೇಳಬೇಕೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ‘ನೋಡೇ, ನಿನ್ನೆ ಒಂದು ರಿವೆಟ್ಟು ಚೆನ್ನಾಗಿ ಕೂತುಬಿಡ್ತು.’

ಅವಳ ಕೈಯಲ್ಲಿದ್ದ ಚಾಕು ನಿಂತಿತು. ‘ಅಯ್ಯೋ, ಹೇಗೆ?’

‘ಗೊತ್ತಿಲ್ಲ. ಕೂತ್ಕೊಂಡುಬಿಡ್ತು.’

‘ಎಬ್ಬಿಸಿ ಮತ್ತೆ,’ ಎಂದು ಅವಳು ಈರುಳ್ಳಿಗೆ ಮರಳಿದಳು.

ಅಂದಿನಿಂದ ಅವನು ಒಂದೇ ದೋಣಿಯಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟವನಾದ. ಭಾನುವಾರ ಮಾವನ ಜೊತೆ ಕೂತು ಅಂದವಾಗಿ ಬಡಿಯುತ್ತಾನೆ. ಬಡಿಯುವಾಗ ಕೆಡಿಸಲು ಕೈ ಒಪ್ಪುವುದಿಲ್ಲ. ವಾರದ ನಡುವೆ ಬೆಳಿಗ್ಗೆ, ಆಫೀಸಿನ ಬಟ್ಟೆ ಹಾಕಿಕೊಂಡು, ಹಿತ್ತಲಿನ ಗಿಡಗಳಿಗೆ ನೀರು ಹಾಕುವ ನೆವದಲ್ಲಿ ಹೋಗಿ, ಉಳಿಯನ್ನು ರಿವೆಟ್ಟಿನ ಬಾಲದ ಅಂಚಿಗೆ ಇಟ್ಟು ಬಟ್ಟೆ ಸುತ್ತಿದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ಕೂರಿಸಲು ಇಬ್ಬರು ಬೇಕು, ಎಬ್ಬಿಸಲು ಒಬ್ಬ ಸಾಕು. ಇದರಲ್ಲಿ ಏನೋ ದೊಡ್ಡ ತತ್ವವಿದೆ ಎಂದು ಅವನಿಗೆ ಅನ್ನಿಸುತ್ತದೆ, ಆದರೆ ಬಸ್ಸಿಗೆ ಹೊತ್ತಾಗುವುದರಿಂದ ಅಷ್ಟಕ್ಕೇ ಬಿಡುತ್ತಾನೆ. ತಾನೇ ಸಾಕಿದ ಬೆಕ್ಕಿನ ಮರಿಯನ್ನು ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟುಬಂದವನ ಮುಖ ಹೊತ್ತು ಹೆಂಡತಿಗೆ ವರದಿ ಒಪ್ಪಿಸುತ್ತಾನೆ: ‘ಹಿಂದಿನ ಸೀಟಿನ ಕೆಳಗೆ, ಎಡಗಡೆ, ಮೂಲೆಯದು.’ ಅವಳು ಡಬ್ಬಿಗೆ ಮುಚ್ಚಳ ಒತ್ತುತ್ತ, ‘ಸರಿ,’ ಎನ್ನುತ್ತಾಳೆ. ಈ ವಾರ ಎಬ್ಬಿಸಿದ್ದು ಅದನ್ನೇ, ಗುರುವಾರ ಬೆಳಿಗ್ಗೆ. ಅವನು ಕೂರಿಸಿದವುಗಳಲ್ಲೆಲ್ಲ ಚೆಲುವಾದದ್ದು ಅದು. ಸರಿ ಎಂದವಳು ಯಾಕೋ ಅವನ ಮುಖ ನೋಡಿರಲಿಲ್ಲ.

‘ಅಳಿಯಂದಿರು ಎದ್ದರೋ, ಇಲ್ಲಾ ದೋಣಿ ಹಾಸಿಗೆಗೇ ತರ್ಬೇಕೋ?’ ಹಿತ್ತಲಿನಿಂದ ಮಾವನ ದನಿ ಬಂತು.

ಅವನು ಎದ್ದು ಹೋದ. ಪ್ರತಿ ಭಾನುವಾರವೂ ಕ್ರಮ ಒಂದೇ. ದೋಣಿ ಇಟ್ಟಿಗೆಯ ಕಂಬಗಳ ಮೇಲೆ ಕೂತಿರುತ್ತದೆ. ನೀರಿನೊಳಗೆ ದೋಣಿಯನ್ನು ಇಡುವ ಬದಲು ದೋಣಿಯೊಳಗೆ ನೀರನ್ನು ಇಡಬೇಕು. ಪೈಪಿನಿಂದ ಒಂದು ಗೇಣಿನಷ್ಟು ನೀರು ತುಂಬಿಸಿ, ಅವನು ಅಡಿಯಲ್ಲಿ ಅಂಗಾತ ಮಲಗಿ ಎಲ್ಲಿ ಹನಿಯುತ್ತದೆ ಎಂದು ನೋಡಬೇಕು. ಹನಿದ ಕಡೆ ಮಾವ ಸೀಮೆಸುಣ್ಣದಿಂದ ಸುತ್ತು ಹಾಕುತ್ತಾರೆ. ನೀರು ಸರಬರಾಜು ಕಚೇರಿಯವನಾಗಿ ವಾರವಾರ ಇಷ್ಟು ನೀರು ದಂಡ ಮಾಡುವುದಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಬಕೆಟ್ಟಿನಲ್ಲಿ ಅದನ್ನು ಮೊಗೆದು ಬೀದಿಯ ಮರಗಳಿಗೆಲ್ಲ ಹಾಕಿಬರುತ್ತಿದ್ದ. ಮರಗಳ ಬುಡದಲ್ಲಿ ಬಕೆಟ್ಟು ಹಿಡಿದು ನಿಂತವನನ್ನು ಕಂಡು ಬೀದಿಯವರು ಅವನು ಬಹಳ ಒಳ್ಳೆಯವನೆಂದು ಮಾತಾಡಿಕೊಳ್ಳುತ್ತಿದ್ದರಂತೆ. ಅದೂ ಒಂದು ಪಾಪದ ಲೆಕ್ಕಕ್ಕೇ ಸೇರಿತ್ತು.

ಗೋಡೆಯ ಮೇಲೆ ಆಗಲೇ ಪಕ್ಕದ ಮನೆಯ ದರ್ಜಿಯ ತಲೆ ಮೂಡಿತ್ತು. ಕತ್ತಿನಲ್ಲಿ ಅಳತೆಯ ಟೇಪು. ಭಾನುವಾರವೂ ಅದು ಇಳಿಯುವುದಿಲ್ಲ. ‘ಏನಂತೆ ಯಜಮಾನ್ರೇ, ಇವತ್ತೂ ಜರಡಿಯೇನಾ?’ ಎಂದ.

‘ನೋಡೋಣ ಟೈಲರೇ,’ ಎಂದರು ಮಾವ. ಅಷ್ಟೇ. ಅವನಿಗೆ ಆಶ್ಚರ್ಯವಾಯಿತು. ಹೋದ ಭಾನುವಾರ ಇದೇ ಪ್ರಶ್ನೆಗೆ ಮಾವ ತೊಡೆ ತಟ್ಟಿ, ‘ನಮ್ಮ ಅಳಿಯಂದಿರ ಕೈಗೆ ಸುತ್ತಿಗೆ ಕೊಡೋದೂ ಒಂದೇ, ಸೌಟು ಕೊಡೋದೂ ಒಂದೇ. ಎರಡರಲ್ಲೂ ತಳ ಹಿಡಿಸ್ತಾರೆ,’ ಎಂದಿದ್ದರು. ದರ್ಜಿ ಗೋಡೆ ಹಿಡಿದುಕೊಂಡು ನಕ್ಕಿದ್ದ. ಅವನೂ ನಕ್ಕಿದ್ದ, ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ. ತನ್ನ ಮೇಲಿನ ನಗೆಗೆ ತಾನೇ ಮೊದಲು ಸೇರಿಬಿಟ್ಟರೆ ಅದು ಅರ್ಧವಾದರೂ ತನ್ನದಾಗುತ್ತದೆ ಎಂದು ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಾಗಲೇ ಕಲಿತಿದ್ದ. ನಗದೆ ಇದ್ದವಳು ಹೆಂಡತಿಯೊಬ್ಬಳೇ. ಚಹಾದ ಲೋಟಗಳನ್ನು ಇನ್ನೂ ಕುಡಿದು ಮುಗಿಸುವ ಮೊದಲೇ ಎತ್ತಿಕೊಂಡು ಒಳಗೆ ಹೋಗಿದ್ದಳು, ಆಮೇಲೆ ಒಳಗಿನಿಂದ ಪಾತ್ರೆಗಳ ಸದ್ದು. ತಾನೇನು ತಪ್ಪು ಮಾಡಿದೆನೆಂದು ಅವನು ವಾರವೆಲ್ಲ ಹುಡುಕಿದ್ದ. ಒಂದಲ್ಲ, ಹಲವು ಸಿಕ್ಕಿದ್ದವು.

ಪೈಪು ಬಿಟ್ಟ. ನೀರು ದೋಣಿಯ ತಳಕ್ಕೆ ಬಿದ್ದು ಡೊಳ್ಳಿನಂತೆ ಸದ್ದು ಮಾಡಿತು, ಏರುತ್ತ ಏರುತ್ತ ಮಾತು ನುಂಗಿದವರ ಹಾಗೆ ಮೆತ್ತಗಾಯಿತು. ಹೆಂಡತಿ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಬಂದು ಹಗ್ಗದ ಬಳಿ ನಿಂತಳು. ಅವನು ಹಳೆಯ ಚಾಪೆ ಹಾಸಿ ದೋಣಿಯಡಿಗೆ ಜಾರಿದ. ಅಲ್ಲಿ ಬೇರೆಯೇ ಲೋಕ. ಮೇಲೆ ಮೂಗಿಗೆ ತಾಗುವಷ್ಟು ಹತ್ತಿರ ತಣ್ಣಗಿನ ಅಲ್ಯೂಮಿನಿಯಂ ಆಕಾಶ, ಅದರಲ್ಲಿ ಸಾಲು ಸಾಲು ರಿವೆಟ್ಟಿನ ನಕ್ಷತ್ರ. ಜನರೆಲ್ಲ ಪಾದಗಳು ಮಾತ್ರ. ಹಿಂದಿನ ಸೀಟಿನ ಕೆಳಗೆ, ಎಡಗಡೆ, ಮೂಲೆ. ಅವನು ಅದನ್ನೇ ನೋಡುತ್ತ ಕಾದ. ಮಣಿ ಮೂಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ. ಬೆರಳಿನಿಂದ ಸವರಿದ. ಒಣ. ಇನ್ನೊಂದು ಸಾಲಿಗೆ ಹೋದ, ಮತ್ತೊಂದಕ್ಕೆ ಹೋದ. ಎಲ್ಲ ಒಣ. ಬೇಸಿಗೆಯ ನಲ್ಲಿಯಂತೆ, ಆಫೀಸಿನ ಸಾಹೇಬರ ಕಣ್ಣಿನಂತೆ ಒಣ.

‘ಏನು ಅಳಿಯಂದಿರೇ, ನಿದ್ದೆ ಹೋದ್ರಾ?’

‘ಇಲ್ಲ ಮಾವ.’

‘ಎಲ್ಲಿ ಹೇಳಿ, ಸುತ್ತು ಹಾಕ್ತೀನಿ.’

‘ಎಲ್ಲೂ ಇಲ್ಲ ಮಾವ,’ ಎಂದ. ಅವನ ದನಿ ತಗಡಿಗೆ ಬಡಿದು ಅವನ ಬಾಯಿಗೇ ವಾಪಸು ಬಂತು. ‘ಸೋರ್ತಿಲ್ಲ.’

ಹಗ್ಗದ ಮೇಲಿನ ಬಟ್ಟೆ ತೊಟ್ಟಿಕ್ಕಿತು. ಆಮೇಲೆ ದರ್ಜಿ ಚಪ್ಪಾಳೆ ತಟ್ಟಿದ. ‘ಭೇಷ್! ಹಾಗಾದ್ರೆ ಇನ್ನೇನು, ನಾಳೆಯಿಂದ ಮೀನು ಬಂತು ಅನ್ನಿ!’

ಅವನಿಗೆ ಗಾಬರಿಯಾಗಬೇಕಿತ್ತು. ಹೆಂಡತಿಯ ಪಾದಗಳು ಬಟ್ಟೆಯ ಬುಟ್ಟಿಯ ಪಕ್ಕ ಅಲುಗದೆ ನಿಂತಿದ್ದವು. ಅವಳಿಗೆ ಏನು ಹೇಳುವುದೆಂದು ಯೋಚಿಸಬೇಕಿತ್ತು. ಎಬ್ಬಿಸಿದ ರಿವೆಟ್ಟು ತಾನಾಗಿ ಹೇಗೆ ಕೂತಿತು ಎಂಬ ಪವಾಡವನ್ನಾದರೂ ವಿಚಾರಿಸಬೇಕಿತ್ತು. ಆದರೆ ಅವನ ಎದೆಯಲ್ಲಿ ಎದ್ದದ್ದು ನಾಚಿಕೆಗೇಡಿನ ಸಂತೋಷ. ಎಷ್ಟು ಎಬ್ಬಿಸಿದರೂ ಏಳದಂತೆ ಕೂರಿಸಿದ್ದೇನೆ! ಉಳಿಯೂ ಸೋತಿತು! ಸೌಟಂತೆ, ಸೌಟು. ಅಂಗಾತ ಮಲಗಿದಲ್ಲೇ ಅವನು ಇಷ್ಟಗಲ ನಕ್ಕ. ಅಡಿಯಲ್ಲಿ ಯಾರಿಗೂ ಕಾಣದು ಎಂದು ಇನ್ನೂ ಸ್ವಲ್ಪ ನಕ್ಕ. ಆ ನಗೆಯ ಹಿಂದೆಯೇ ಒಂದು ಸಣ್ಣ ದುಷ್ಟತನ ಬಾಲ ಅಲ್ಲಾಡಿಸುತ್ತ ಬಂತು.

‘ಹುಟ್ಟು ಅಟ್ಟದ ಮೇಲಿದೆ ಮಾವ. ಇಳಿಸಲಾ?’

‘ಹುಟ್ಟಾ?’ ಮಾವ ಗಂಟಲು ಸರಿಮಾಡಿಕೊಂಡರು. ‘ಹುಟ್ಟಿಗೇನು ಅವಸರ? ಬಣ್ಣ ಆಗ್ಬೇಕಲ್ಲ ಇನ್ನೂ.’

‘ಅಲ್ಯೂಮಿನಿಯಂಗೆ ಬಣ್ಣ ಯಾಕೆ ಅಂತ ನೀವೇ ಅಂದಿದ್ರಿ.’

‘ಅಂದಿದ್ದೆ. ಆದ್ರೆ ಸೀಟಿನ ಹಲಗೆ ಇದೆಯಲ್ಲ, ಅದು ಸ್ವಲ್ಪ…’

‘ಹೊಸದು ಹಾಕಿದ್ದೀವಲ್ಲ ಮಾವ. ಟೆಂಪೋ ಇಟ್ಟವನೊಬ್ಬ ನಮ್ಮ ಆಫೀಸಿನಲ್ಲೇ ಇದ್ದಾನೆ. ಒಂದು ಫೋನು ಮಾಡಿದ್ರೆ ಸಂಜೆಗೇ ನದಿ.’

‘ಸಂಜೆಗೇ?’

‘ಗಾಳಿಯೂ ಇಲ್ಲ ಇವತ್ತು,’ ಎಂದು ಗೋಡೆಯ ಮೇಲಿನಿಂದ ದರ್ಜಿ ತನ್ನ ಪಾಲಿನದನ್ನೂ ಹಾಕಿದ. ‘ಹತ್ತಿ ಕೂತು ತೋರಿಸಿ ಯಜಮಾನ್ರೇ, ಕಣ್ತುಂಬ ನೋಡೋಣ.’

‘ಕೂರ್ತೀನಿ, ಕೂರ್ತೀನಿ. ನಾನು ಕೂತ್ರೆ ತಾನೇ ಗೊತ್ತಾಗೋದು, ಭಾರಕ್ಕೆ ಹೇಗೆ ನಿಲ್ಲುತ್ತೆ ಅಂತ,’ ಎಂದರು ಮಾವ. ಕುರ್ಚಿ ಕಿರುಗುಟ್ಟಿತು. ಅವರ ಪಾದಗಳು ಅವನ ಕಣ್ಣಿನ ಮಟ್ಟಕ್ಕೆ ಹತ್ತಿರವಾದವು. ಹತ್ತಲೆಂದು ಇಟ್ಟಿದ್ದ ಮರದ ಪೆಟ್ಟಿಗೆಯ ಮುಂದೆ ನಿಂತವು. ಹಳೆಯ ಚಪ್ಪಲಿ, ಬಿರಿದ ಹಿಮ್ಮಡಿ, ನೀರಿನಲ್ಲಿ ಬಾಳಿ ಬೆಳ್ಳಗಾಗಿ ಉಳಿದುಹೋದ ಬೆರಳುಗಳು. ಮೇಲೆ ದನಿ ಎಂದಿನಂತೆ ಗಡುಸಾಗಿ, ‘ಒಂದ್ಸಲ ಈ ದೋಣಿಯಲ್ಲೇ, ಅಲೆ ಇಷ್ಟೆತ್ತರ, ನಾನು ನಿಂತ್ಕೊಂಡೇ ಬಲೆ ಎಳ್ದಿದ್ದೆ ಟೈಲರೇ,’ ಎನ್ನುತ್ತಿತ್ತು. ಕೆಳಗೆ ಬಲಗಾಲು ಮೇಲೇಳಲು ಹೊರಟಿತು. ಹಿಮ್ಮಡಿ ಎದ್ದಿತು, ಹೆಬ್ಬೆರಳು ನೆಲ ಬಿಡಲಿಲ್ಲ. ಕಾಲು ಗಡಗಡ ನಡುಗಿ ಮತ್ತೆ ಕೂತಿತು. ‘ನೀರು ಅಂದ್ರೆ ನೆಲದ ಹಾಗೆ ನಂಗೆ,’ ಎಂದಿತು ದನಿ. ಕಾಲು ಇನ್ನೊಮ್ಮೆ ಹೊರಟಿತು. ಪೆಟ್ಟಿಗೆ ಒಂದು ಗೇಣು ಎತ್ತರವೂ ಇರಲಿಲ್ಲ. ಈ ಸಲ ಹಿಮ್ಮಡಿಯೂ ಪೂರ್ತಿ ಏಳಲಿಲ್ಲ. ಆಮೇಲೆ ಆ ಪಾದ, ತಾನು ಬಂದದ್ದೇ ಅದಕ್ಕೆಂಬಂತೆ, ಇನ್ನೊಂದು ಪಾದವನ್ನು ತುರಿಸಿತು.

ಮೇಲಿನವರಿಗೆ ಇದು ಕಂಡಿರಲಾರದು. ದರ್ಜಿಗೆ ತಲೆಗಳು ಕಾಣುತ್ತವೆ, ಹೆಂಡತಿಗೆ ಬೆನ್ನು. ಕಂಡದ್ದು ಅವನೊಬ್ಬನಿಗೆ. ಅವನ ನಗೆ ಮುಖದ ಮೇಲೆ ಹಾಗೆಯೇ ಉಳಿದಿತ್ತು, ಮದುವೆ ಮುಗಿದ ಮೇಲೂ ಯಾರೂ ಬಿಚ್ಚದೆ ಉಳಿದ ಕಾಗದದ ಹೂವಿನ ಹಾಗೆ. ಹಾಗಾದರೆ ಈ ಮನುಷ್ಯನಿಗೆ ಗೊತ್ತು. ತನ್ನಿಂದ ಆಗದೆಂಬುದು ಬಂದ ದಿನದಿಂದಲೂ ಗೊತ್ತಿರಬೇಕು. ಪ್ರತಿ ಭಾನುವಾರ ಸೀಮೆಸುಣ್ಣ ಹಿಡಿದು ಸುತ್ತು ಹಾಕುವಾಗಿನ ಆ ಉತ್ಸಾಹ, ಆ ಬೈಗುಳದ ರುಚಿ, ‘ಇನ್ನೊಂದು ವಾರ ಹೋಯ್ತು ನಿಮ್ಮಿಂದ’ ಎನ್ನುವಾಗಿನ ಆ ಉಲ್ಲಾಸ! ನದಿಗೆ ಹೋಗದಿರುವುದಕ್ಕೆ ಅವರಿಗೆ ಒಂದು ಕಾರಣ ಬೇಕಾಗಿತ್ತು, ಆ ಕಾರಣ ಕಾಲಾಗಿರಬಾರದಿತ್ತು, ಅಷ್ಟೇ. ಅಳಿಯನಾದರೆ ಆದೀತು. ಅಳಿಯನಿರುವುದೇ ಅದಕ್ಕೆ. ಈಗ ಆ ಅಳಿಯ ದೋಣಿ ಸೋರುತ್ತಿಲ್ಲ ಎಂದು ಮೆರೆದು, ಟೆಂಪೋ ಕರೆಸುತ್ತೇನೆಂದು ಬೇರೆ ಹೇಳಿ, ಅವರನ್ನು ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದ್ದಾನೆ.

ಒಂದು ಮಾತು ಸಾಕು. ಆದರೆ ಎಷ್ಟು ಕಷ್ಟದ ಮಾತು! ಹೆಂಡತಿಯ ಆಜ್ಞೆಗೆ ಕೆಡಿಸುವುದು ಒಂದು. ಅಲ್ಲಿ ಒಳಗೊಳಗೆ, ನಾನು ಬೇಕೆಂದೇ ಕೆಡಿಸಿದ್ದು, ನಿಜವಾಗಿ ನನಗೆ ಬರುತ್ತದೆ ಎಂದುಕೊಂಡು ಹುಲಿಯಂತೆ ಮಲಗಬಹುದಿತ್ತು. ಈಗ ಯಾರೂ ಹೇಳಿಲ್ಲ. ಈಗ ಕೈಯಾರೆ, ತಾನಾಗಿ, ತನ್ನ ಬದುಕಿನ ಒಂದೇ ಒಂದು ಗಟ್ಟಿ ಕೆಲಸವನ್ನು ಅಲ್ಲಗಳೆಯಬೇಕು. ಅದೂ ದರ್ಜಿಯ ಎದುರಿಗೆ. ದರ್ಜಿಗೆ ಹೇಳಿದರೆ ಬೀದಿಗೆ ಹೇಳಿದ ಹಾಗೆ. ಪಾದ ಮೂರನೆಯ ಸಲ ಹಿಮ್ಮಡಿ ಎತ್ತಿತು.

‘ತಡೀರಿ ಮಾವ!’ ಎಂದು ಕೂಗಿದ. ‘ಇಲ್ಲೊಂದು ಜಿನುಗ್ತಾ ಇದೆ.’

ಹೇಳಿದ ಮೇಲೆ ಜಿನುಗುವಂಥದ್ದು ಏನಾದರೂ ಬೇಕಲ್ಲ. ಅವನ ಹಣೆಯಿಂದ ಬೆವರು ಕಿವಿಯತ್ತ ಇಳಿಯುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಒರೆಸಿಕೊಂಡು ಮೂಲೆಯ ರಿವೆಟ್ಟಿನ ತಲೆಗೆ ಮೆತ್ತಿದ. ಸಾಲಲಿಲ್ಲ. ಕತ್ತಿನಿಂದ ಇನ್ನಷ್ಟು ತೆಗೆದು ಮೆತ್ತಿದ. ಒಂದು ಮಣಿ ಸೇರಿಕೊಂಡು, ಬೀಳಲೋ ಬೇಡವೋ ಎಂದು ಅನುಮಾನಿಸುತ್ತ ನೇತಾಡಿತು. ಒಳ್ಳೆಯ ಸೋರಿಕೆ. ಇಷ್ಟು ಚೆನ್ನಾದದ್ದನ್ನು ಉಳಿಯಿಂದಲೂ ಮಾಡಿರಲಿಲ್ಲ.

‘ಎಲ್ಲಿ?’ ಪಾದಗಳು ತಟಕ್ಕನೆ ಪೆಟ್ಟಿಗೆಯಿಂದ ಹಿಂದೆ ಸರಿದವು, ಇಷ್ಟು ಚುರುಕು ಅವುಗಳಲ್ಲಿ ಇತ್ತೇ ಎನ್ನುವಷ್ಟು. ಕುರ್ಚಿ ಎಳೆದ ಸದ್ದು. ಮಾವ ಕೂತರು. ಕೈ ದೋಣಿಯಡಿಗೆ ಬಂತು, ಗಂಟು ಗಂಟಾದ ಬೆರಳುಗಳು ತಗಡಿನ ಮೇಲೆ ತಡವರಿಸಿದವು.

‘ಹಿಂದಿನ ಸೀಟಿನ ಕೆಳಗೆ ಮಾವ. ಎಡಗಡೆ. ಮೂಲೆಯದು.’

‘ಸಾಧ್ಯನೇ ಇಲ್ಲ!’

ಇದು ಹೆಂಡತಿಯ ದನಿ. ಬುಟ್ಟಿ ಉರುಳಿತು, ಅವಳ ಪಾದಗಳು ದಡದಡನೆ ಬಂದವು. ‘ಅದು ಹೇಗ್ರೀ ಸೋರುತ್ತೆ? ಮೂಲೆಯದನ್ನ ಶುಕ್ರವಾರ ನಾನೇ ಬಡಿದು…’

ಅವಳು ನಿಲ್ಲಿಸಿದಳು. ನಿಲ್ಲಿಸುವುದು ತಡವಾಗಿತ್ತು. ಶುಕ್ರವಾರ ಅವನು ಆಫೀಸಿನಲ್ಲಿ, ನಿಮ್ಮ ದೂರು ದಾಖಲಾಗಿದೆ ಎನ್ನುತ್ತಿದ್ದ. ಕೂರಿಸಲು ಇಬ್ಬರು ಬೇಕು.

‘ನೀನು ಬಡಿದ್ಯಾ?’ ಎಂದ.

ಉತ್ತರ ಬಂದದ್ದು ಮಾವನದು, ಗೊಣಗಿದ ಹಾಗೆ: ‘ನಾನೇನು ಮಾಡ್ಲಿ ಅಳಿಯಂದಿರೇ, ಬಂದು ಜಗಳಕ್ಕೇ ನಿಂತ್ಲು. ನನ್ನ ಗಂಡನ ಕೈಗೆ ಸೌಟು ಅಂದ್ರಲ್ಲ ಅಪ್ಪ, ಅವರ ಕೆಲಸ ಚೆನ್ನಾಗೇ ಇದೆ, ಕೆಡಿಸಿದ್ದು ನಾನು, ಕಬ್ಬಿಣ ಹಿಡೀರಿ ಅಂದ್ಲು. ಹಿಡಿದೆ.’

‘ಹಾಗಂತ ಅಲ್ಲ ನಾನು ಅಂದಿದ್ದು,’ ಎಂದಳು ಅವಳು, ಕೋಪದಲ್ಲಿ. ಕೋಪವಲ್ಲದೆ ಬೇರೆ ಯಾವ ದನಿಯೂ ಆ ಹೊತ್ತಿಗೆ ಅವಳಿಗೆ ಸಿಗಲಿಲ್ಲವೆಂದು ಕಾಣುತ್ತದೆ. ಅವನಿಗೆ ಅವಳ ಮುಖ ನೋಡಬೇಕೆನ್ನಿಸಿತು. ಸಿಕ್ಕಿದ್ದು ಎರಡು ಪಾದ. ಒಂದರ ಬೆರಳು ನೆಲವನ್ನು ಕೆರೆಯುತ್ತಿತ್ತು. ಏನೇ, ಮೊದಲೇ ಹೇಳಬಾರದಿತ್ತಾ ಎಂದು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಾವನ ಬೆರಳು ಮೂಲೆಯ ರಿವೆಟ್ಟನ್ನು ಮುಟ್ಟಿತು, ಮಣಿಯನ್ನು ಒರೆಸಿಕೊಂಡು ಮೇಲಕ್ಕೆ ಹೋಯಿತು. ಅದು ಎಲ್ಲಿಗೆ ಹೋಯಿತೆಂದು ಅವನಿಗೆ ಕಾಣಲಿಲ್ಲ.

‘ಏನಂತೆ?’ ದರ್ಜಿಗೆ ತಡೆಯಲಾಗಲಿಲ್ಲ.

‘ಸೋರ್ತಿದೆ,’ ಎಂದರು ಮಾವ, ಗಟ್ಟಿಯಾಗಿ. ‘ಚೆನ್ನಾಗಿಯೇ ಸೋರ್ತಿದೆ. ಇವತ್ತು ಆಗಲ್ಲ ಟೈಲರೇ. ಹೋಗಿ ಬಟ್ಟೆ ಹೊಲೀರಿ.’ ಸೀಮೆಸುಣ್ಣ ದೋಣಿಯಡಿಗೆ ಬಂದು, ಒಣಗಿದ್ದ ಗಟ್ಟಿ ರಿವೆಟ್ಟಿನ ಸುತ್ತ ದುಂಡಗೆ ಒಂದು ಸುತ್ತು ಹಾಕಿತು.

‘ಇಲ್ಲ ಅಪ್ಪ! ಸರಿಯಾಗಿ ನೋಡಿ!’

‘ನೋಡಿದೆ ಕಣಮ್ಮ. ನೀನು ಬಡಿದಿದ್ದು ಸಾಲಿಲ್ಲ.’

ಇದನ್ನು ಕೇಳಿ ಅವಳಿಗೆ ಬಂದ ಸಿಟ್ಟು ಅವನಿಗೆ ಚೆನ್ನಾಗಿ ಗೊತ್ತಿದ್ದ ಸಿಟ್ಟು. ಅದು ರಿವೆಟ್ಟು ಕೂರಿಸಿದವರಿಗೆ ಮಾತ್ರ ಬರುವಂಥದ್ದು. ಅಪ್ಪ ನದಿಗೆ ಹೋಗಬಾರದೆಂಬುದು ಆ ಕ್ಷಣಕ್ಕೆ ಅವಳಿಗೆ ಪೂರ್ತಿ ಮರೆತುಹೋಗಿತ್ತು. ‘ಸಾಲಿಲ್ವಾ? ಸುತ್ತಿಗೆ ಎಲ್ಲಿ? ರೀ, ಅಲ್ಲೇ ಇರಿ ನೀವು. ಕಬ್ಬಿಣ ತಗೊಳ್ಳಿ. ಹೇಗೆ ಸೋರುತ್ತೋ ನಾನೂ ನೋಡ್ತೀನಿ,’ ಎಂದವಳೇ ಉಟ್ಟ ಬಟ್ಟೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಪೆಟ್ಟಿಗೆ ಮೆಟ್ಟಿ, ಧೊಪ್ಪನೆ ದೋಣಿಯೊಳಗಿನ ನೀರಿಗೆ ಇಳಿದಳು. ಅಲೆಯೊಂದು ಎದ್ದು ಅಂಚು ದಾಟಿ ಮಾವನ ಮಡಿಲಿಗೆ ಬಿತ್ತು. ನೀರಿನೊಳಗಿಂದ ಪೆಟ್ಟು ಬೀಳತೊಡಗಿತು. ಅವನು ಕಬ್ಬಿಣದ ತುಂಡನ್ನು ಎರಡೂ ಕೈಯಿಂದ ರಿವೆಟ್ಟಿನ ತಲೆಗೆ ಆನಿಸಿ ಹಿಡಿದ. ಒಂದೊಂದು ಪೆಟ್ಟೂ ತಗಡು ದಾಟಿ, ಕಬ್ಬಿಣ ದಾಟಿ, ಅಂಗೈಗೆ, ಮೊಣಕೈಗೆ, ಬೆನ್ನಿಗೆ ಇಳಿಯಿತು. ಒಳ್ಳೆಯ ಪೆಟ್ಟುಗಳು. ನೇರ, ತುಂಬಿದ ಪೆಟ್ಟುಗಳು. ತನಗಿಂತ ಅವಳದ್ದೇ ಒಂದು ಕೈ ಮೇಲೇನೋ ಎಂಬ ಅನುಮಾನ ಬಂತು. ಅದು ಕೂಡ ಯಾಕೋ ನೋಯಿಸಲಿಲ್ಲ.

ಸದ್ದಿನ ನಡುವೆ ಕುರ್ಚಿ ಹತ್ತಿರ ಸರಿಯಿತು. ಮಾವ ಬಹಳ ಪ್ರಯಾಸದಿಂದ ಬಗ್ಗಿದರು. ಕೆಳಲೋಕಕ್ಕೆ ಮೊದಲ ಸಲ ಒಂದು ಮುಖ ಬಂತು, ತಲೆಕೆಳಗಾಗಿ, ಕೆಂಪಾಗಿ, ಕಣ್ಣಂಚಿನಲ್ಲಿ ಏನನ್ನೋ ಬಿಗಿಹಿಡಿದುಕೊಂಡು.

‘ಉಪ್ಪಾಗಿತ್ತು, ಅಳಿಯಂದಿರೇ,’ ಎಂದು ಪಿಸುಗುಟ್ಟಿದರು.

ಮೇಲೆ ಸುತ್ತಿಗೆ ನಿಲ್ಲಲೊಲ್ಲದು. ಗಟ್ಟಿಯಾಗಿದ್ದದ್ದನ್ನು ಇನ್ನೂ ಗಟ್ಟಿ ಮಾಡಲು ಹೊರಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಸಾಕು ಬಿಡೇ ಎನ್ನಬಹುದಿತ್ತು, ಎನ್ನಲಿಲ್ಲ. ಧಡ್, ಧಡ್, ಧಡ್. ಹಾಗೆ ಬೀಳುತ್ತ ಬೀಳುತ್ತ ಒಂದು ಪೆಟ್ಟಿಗೆ ಸದ್ದು ಸಣ್ಣಗೆ ಒಡೆಯಿತು. ರಿವೆಟ್ಟಿನ ತಲೆಯ ಅಂಚಿನಲ್ಲಿ ತಣ್ಣನೆಯ ಮಣಿಯೊಂದು ಮೂಡಿ, ಅನುಮಾನಿಸದೆ, ನೇರವಾಗಿ ಅವನ ಮೇಲ್ದುಟಿಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಅವನು ನಾಲಗೆ ಚಾಚಿ ನೋಡಿದ.

‘ಮಾವ,’ ಎಂದ ಮೆಲ್ಲಗೆ. ‘ಇದು ಸಪ್ಪೆ.’